ಬಸವಾಪಟ್ಟಣದ ಜರ್ಮನಿ

ಪ್ರೊಫೆಸರಮ್ಮ ಜೇಡಿಮಣ್ಣಿನ ಸ್ವಭಾವ ವಿವರಿಸುತ್ತಿದ್ದರು. ಅರ್ಪಿತಾಳ ಲ್ಯಾಪ್‌ಟಾಪಿನ ತುಂಬ ಸಣ್ಣ ಸಣ್ಣ ಚೌಕಗಳು, ಚೌಕಕ್ಕೊಂದು ದೇಶದ ಮುಖ. ಎಲ್ಲರ ಮೈಕೂ ಬಂದ್. ಒಬ್ಬನದು ಮಾತ್ರ ತೆರೆದಿತ್ತು. ಪಾಪ, ಅವನಿಗದು ತಿಳಿದಿರಲಿಲ್ಲ.

“ಏ ಕೆಂಚೇಶಾ! ನಳದಾಗೆ ನೀರು ಬಂದ್ವು, ಎದ್ದು ಬಾರೋ! ಜರ್ಮನಿ ಎಲ್ಲೂ ಓಡಿಹೋಗಲ್ಲ, ನೀರು ಹೋಗ್ತವೆ!”

ಆ ಹೆಣ್ಣುದನಿ ಘಾನಾ, ಬ್ರೆಜಿಲ್, ಇಂಡೋನೇಷ್ಯಾ ಎಲ್ಲವನ್ನೂ ಒಂದೇ ಉಸಿರಿಗೆ ಎಬ್ಬಿಸಿಬಿಟ್ಟಿತು. ಏನಾದರೂ ಅನಾಹುತವಾಯಿತೇ ಎಂದು ಪ್ರೊಫೆಸರಮ್ಮ ಗಾಬರಿಯಿಂದ ಇಂಗ್ಲಿಷಿನಲ್ಲಿ ಕೇಳಿದರು. ಕೆಂಚೇಶನ ಬೆನ್ನ ಹಿಂದೆ ಹಿಮ ಹೊದ್ದ ಮನೆಗಳ ಚಿತ್ರವಿತ್ತು. ಅವನು ಎದ್ದ ರಭಸಕ್ಕೆ ಆ ಹಿಮವೆಲ್ಲ ಕದಡಿ, ನಡುವಿನಿಂದ ನೀಲಿ ಬಣ್ಣದ ಪ್ಲಾಸ್ಟಿಕ್ ಕೊಡವೊಂದು ಇಣುಕಿತು.

ಇಡೀ ಕ್ಲಾಸಿನಲ್ಲಿ ಒಬ್ಬಳಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಅರ್ಪಿತಾ ಕ್ಯಾಮೆರಾ ಆಫ್ ಮಾಡಿ, ದಿಂಬಿಗೆ ಬಾಯಿ ಒತ್ತಿ ನಕ್ಕಳು. ನಕ್ಕು ಸುಸ್ತಾದ ಮೇಲೆ ಅವನೊಬ್ಬನಿಗೇ ಕಾಣುವಂತೆ ಮೆಸೇಜ್ ಹಾಕಿದಳು: “ಮೊದ್ಲು ನೀರು ಹಿಡ್ಕಂಬರ್ರಿ. ಕ್ಲಾಸು ರೆಕಾರ್ಡ್ ಆಗ್ತೈತೆ.”

ಕಳಿಸಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವಳ ಬೆನ್ನ ಹಿಂದೆ ವಿಶ್ವವಿದ್ಯಾಲಯದ ಲೈಬ್ರರಿಯ ಚಿತ್ರವಿತ್ತು. ಅದರ ಹಿಂದೆ ನಿಜವಾಗಿ ಇದ್ದದ್ದು ದೊಡ್ಡವ್ವನ ಮನೆಯ ಗೋಡೆ, ಗೋಡೆಯ ಮೇಲೆ ಬುದ್ಧನ ಪಟ, ಪಟದ ಕೆಳಗೆ ಮೆಕ್ಕೆಜೋಳದ ಚೀಲ. ಈ ಗುಟ್ಟು ಮನೆಯ ನಾಲ್ಕು ಜನರಿಗೆ ಬಿಟ್ಟರೆ ಐದನೆಯವರಿಗೆ ಗೊತ್ತಿರಲಿಲ್ಲ.

ನೀರು ಹಿಡಿದು ಬಂದವನ ಉತ್ತರ ತಡವಾಗಿ ಬಂತು: “‘ಐತೆ’ ಅಂದ್ರೆ ನೀವು ನಮ್ಮ ಕಡೆಯೋರೇ. ಆ ಲೈಬ್ರರಿ ಎಲ್ಲಿ ಬರ್ತದ್ರೀ?”

“ಬಸವಾಪಟ್ಟಣ. ಯಾರಿಗೂ ಹೇಳಬ್ಯಾಡ್ರಿ.”

“ನಂದು ಜಗಳೂರು. ಹೇಳಾಕೆ ಇಲ್ಲಿ ಯಾರಿಗೂ ಪುರುಸೊತ್ತಿಲ್ಲ ಬಿಡ್ರಿ, ಎಲ್ಲಾ ನೀರು ಹಿಡಿಯೋದ್ರಾಗೆ ಅದಾರೆ.”

*

ಬಚ್ಚಿಟ್ಟುಕೊಳ್ಳಬೇಕಾದ ಕಾರಣ ಇಷ್ಟೇ: ಹುಟ್ಟೂರು ನ್ಯಾಮತಿಯ ಜನ ಅವಳಿಗೆ ಸನ್ಮಾನ ಮಾಡಿ ಕಳಿಸಿಬಿಟ್ಟಿದ್ದರು.

ಲೈನ್‌ಮ್ಯಾನ್ ಮಾರಪ್ಪನ ಮಗಳು ಮಣ್ಣು ವಿಜ್ಞಾನದಲ್ಲಿ ಮಾಸ್ಟರ್ಸ್ ಮಾಡಲು ಜರ್ಮನಿಗೆ ಹೊರಟಿದ್ದಾಳೆಂದು ಬಸ್‌ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೂವರು ಮೂರು ಸಲ ಒಂದೇ ಭಾಷಣ ಮಾಡಿದ್ದರು. “ಮಣ್ಣು ಓದಾಕೆ ಫಾರಿನ್ನಿಗೆ ಯಾಕವ್ವ, ನಮ್ಮ ಹೊಲದಾಗೆ ಬೇಕಾದಷ್ಟು ಐತೆ” ಎಂದ ಮುದುಕರು ಕೂಡ ಬಸ್ಸು ಹೊರಟಾಗ ಕಣ್ಣು ಒರೆಸಿಕೊಂಡಿದ್ದರು.

ಬೆಂಗಳೂರಿನ ಏರ್‌ಪೋರ್ಟ್ ಬಾಗಿಲಿಗೆ ಹೋದಾಗ ವಿಮಾನ ರದ್ದಾಗಿತ್ತು. ರೋಗ ಬಂದು ದೇಶ ದೇಶಗಳು ಕದ ಹಾಕಿಕೊಳ್ಳುತ್ತಿದ್ದ ವಾರ ಅದು. ಅಪ್ಪ ಸೂಟ್‌ಕೇಸಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ್ದ.

“ನಿನ್ನೆ ಶಾಲು ಹೊದಿಸಿ ಕಳಿಸಿದ ಊರಿಗೆ ಇವತ್ತು ಯಾವ ಮುಖ ಇಟ್ಕಂಡು ಹೋಗಾದವ್ವಾ? ಒಂದು ತಿಂಗಳಿನ ಮಾತು. ದೊಡ್ಡವ್ವನ ಮನೆಯಾಗೆ ಇದ್ದುಬಿಡು.”

ಆ ಒಂದು ತಿಂಗಳು ಬೆಳೆಯುತ್ತ ಹೋಯಿತು. ಅರ್ಪಿತಾ ಬಸವಾಪಟ್ಟಣದಲ್ಲಿ ಶಂಕರಮ್ಮ ದೊಡ್ಡವ್ವನ ನಡುಮನೆಯಿಂದಲೇ ಜರ್ಮನಿಯ ಕ್ಲಾಸಿಗೆ ಕೂರತೊಡಗಿದಳು. ಹೊರಗೆ ಹೋಗಬೇಕಾದರೆ ದುಪಟ್ಟಾ ತಲೆಗೆ, ಮಾಸ್ಕು ಮುಖಕ್ಕೆ. ರೋಗ ಅದೊಂದು ಉಪಕಾರ ಮಾಡಿತ್ತು. ಅತ್ತ ನ್ಯಾಮತಿಯಲ್ಲಿ ಮಾರಪ್ಪ ಕಂಬ ಹತ್ತಿ ಇಳಿದಲ್ಲೆಲ್ಲ ಮಗಳ ಸುದ್ದಿ ಹೇಳುತ್ತಿದ್ದ. ಮೊದಮೊದಲು “ಚೆನ್ನಾಗಿ ಅದಾಳೆ” ಎಂದಷ್ಟೇ. ಆಮೇಲೆ ಜನ ಕೇಳಿದಂತೆಲ್ಲ ಅವನ ಜರ್ಮನಿ ಬೆಳೆಯಿತು. ಅಲ್ಲಿ ಕರೆಂಟೇ ಹೋಗುವುದಿಲ್ಲ. ಅಲ್ಲಿಯ ಹಸುಗಳಿಗೆ ಫ್ಯಾನು. ಮೊಣಕಾಲುದ್ದ ಹಿಮ.

“ಅಪ್ಪಾ, ಇದು ಜೂನ್. ಅಲ್ಲಿ ಈಗ ಬೇಸಿಗೆ!” ಅರ್ಪಿತಾ ಫೋನಿನಲ್ಲಿ ಬೈದಳು.

“ಹೌದೇನವ್ವಾ? ಥೂ, ನಿನ್ನೇನೇ ಹಿಮ ಬೀಳಿಸಿಬಿಟ್ನಲ್ಲ.”

*

ಲ್ಯಾಬು ತೆರೆಯುವ ಲಕ್ಷಣ ಕಾಣಲಿಲ್ಲ. ಮೆಕ್ಸಿಕೊದ ಹುಡುಗಿ ಕೋರ್ಸು ಬಿಟ್ಟಳು. ಘಾನಾದವನ ಚೌಕ ಒಂದು ದಿನ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ. ಮಣ್ಣನ್ನು ದೇಶದಿಂದ ದೇಶಕ್ಕೆ ಪಾರ್ಸೆಲ್ ಮಾಡಲೂ ಬಿಡುವುದಿಲ್ಲ. ಕೊನೆಗೆ ಪ್ರೊಫೆಸರಮ್ಮ ಒಂದು ದಾರಿ ಹುಡುಕಿದರು: ನೀವಿರುವ ನೆಲವೇ ನಿಮ್ಮ ಲ್ಯಾಬು, ಗುಂಡಿ ತೋಡಿ, ಹತ್ತಿರದವರು ಜೋಡಿಯಾಗಿ ಒಬ್ಬರ ಮಣ್ಣನ್ನು ಒಬ್ಬರು ಕೈಯಾರೆ ಪರೀಕ್ಷಿಸಿ. “ಕೆಂಚೇಶ್ ಮತ್ತು ಅರ್ಪಿತಾ, ನಕ್ಷೆಯಲ್ಲಿ ನೀವಿಬ್ಬರು ಎಷ್ಟು ಹತ್ತಿರ!” ಎಂದು ಖುಷಿಪಟ್ಟರು.

ಓಡಾಟಕ್ಕೆ ಬಿಟ್ಟ ಮೊದಲ ವಾರವೇ ಕೆಂಚೇಶ ಬೈಕಿನಲ್ಲಿ ಬಂದ. ಹಿಂದೆ ಕಟ್ಟಿದ ಚೀಲದಲ್ಲಿ ಜಗಳೂರಿನ ಕೆಂಪು ಮಣ್ಣು. ದೊಡ್ಡವ್ವನ ಗದ್ದೆಯ ಬದುವಿನಲ್ಲಿ, ನೀರಾವರಿ ಚಾನಲ್ಲಿನ ಪಕ್ಕ, ಇಬ್ಬರೂ ಮಾಸ್ಕು ಹಾಕಿಕೊಂಡು ಎದುರಾಬದುರು ನಿಂತರು.

ಇದೆಂಥ ವಿಚಿತ್ರ ಎನಿಸಿತು ಅರ್ಪಿತಾಳಿಗೆ. ಪರದೆಯ ಮೇಲೆ ಅವನ ಮುಖ ಅಷ್ಟು ದಿನ ಕಂಡಿತ್ತು, ಕಣ್ಣು ಮಾತ್ರ ಯಾವತ್ತೂ ಸರಿಯಾಗಿ ಕಂಡಿರಲಿಲ್ಲ. ಅವು ಎಲ್ಲೋ ಕ್ಯಾಮೆರಾದ ಕಡೆಗಿರುತ್ತಿದ್ದವು. ಈಗ ಮುಖ ಮರೆಯಾಗಿ ಕಣ್ಣಷ್ಟೇ ಉಳಿದಿತ್ತು, ಅವು ಎಲ್ಲಿ ನೋಡುತ್ತಿವೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ತುಂಬು ರೆಪ್ಪೆ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಕಿರಿದಾಗುತ್ತಿತ್ತು.

“ಏನ್ರೀ ಹಂಗೆ ನೋಡ್ತೀರಿ?” ಎಂದಳು.

“ನೆಟ್‌ವರ್ಕ್ ಇಲ್ದೆ ಇಷ್ಟು ಕ್ಲಿಯರಾಗಿ ಯಾವತ್ತೂ ಕಂಡಿರ್ಲಿಲ್ಲ, ಅದಕ್ಕೆ.”

“ನೋಡಿದ್ದು ಸಾಕು, ಗುಂಡಿ ತೋಡ್ರಿ.”

ಅವನು ಗುದ್ದಲಿ ಹಿಡಿದ. ಅವಳು ಪದರ ಪದರವಾಗಿ ಮಣ್ಣು ತೆಗೆದು, ಒದ್ದೆ ಮಾಡಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದುಮಿ ಮಣ್ಣನ್ನು ರಿಬ್ಬನ್ನಿನಂತೆ ಹೊರಗೆ ತಳ್ಳಬೇಕು. ಜೇಡಿ ಹೆಚ್ಚಿದ್ದಷ್ಟೂ ಅದು ಮುರಿಯದೆ ಉದ್ದವಾಗುತ್ತದೆ. ಚಾನಲ್ ನೀರುಂಡ ಬಸವಾಪಟ್ಟಣದ ಮಣ್ಣು ಕಿರುಬೆರಳಿನಷ್ಟು ಉದ್ದ ಇಳಿಯಿತು. ಜಗಳೂರಿನದು ಉಗುರಿನಷ್ಟು ಬರುವುದರೊಳಗೆ ಉದುರಿತು.

“ನಿಮ್ಮೂರ ಮಣ್ಣಿಗೆ ತಾಳ್ಮೆನೇ ಇಲ್ವಲ್ರೀ.”

“ನೀವು ಹಂಗೆ ಅದುಮಿದ್ರೆ ಯಾರಿಗೆ ತಾಳ್ಮೆ ಇರ್ತೈತೆ? ಸಮಾಧಾನದಿಂದ ಕೇಳ್ಬೇಕು.” ಅವನು ಅವಳ ಅಂಗೈಯಿಂದ ಅದೇ ಮಣ್ಣನ್ನು ಎತ್ತಿಕೊಂಡ. ಎತ್ತಿಕೊಳ್ಳಲು ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡ. ಅವನ ಬೆರಳಿನಲ್ಲೂ ಅದು ಉದುರಿತು.

“ನೋಡಿದ್ರಾ?” ಅವಳ ಕಣ್ಣು ಮಾಸ್ಕಿನ ಮೇಲೆ ಮಿನುಗಿತು.

“ಇದು ನಾಚ್ಕಂತೈತೆ ಕಣ್ರೀ. ಮೊದಲನೇ ಸಲ ಊರು ಬಿಟ್ಟು ಬಂದೈತಲ್ಲ.”

ದೊಡ್ಡವ್ವ ದೂರದಲ್ಲಿ ಕಳೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನೋಡಿದಳು. ಆ ಗುಂಡಿಯಲ್ಲಿ ಮಣ್ಣಿಗಿಂತ ನಗು ಜಾಸ್ತಿ ಬರುತ್ತಿತ್ತು.

“ಏನವ್ವಾ, ಜರ್ಮನಿ ಪಾಠ ಇಷ್ಟು ಚೆನ್ನಾಗಿರ್ತೈತಾ? ನನ್ನೂ ಸೇರಿಸ್ಬಾರ್ದಿತ್ತಾ!”

*

ಗುಂಡಿ ಒಂದಕ್ಕೆ ನಿಲ್ಲಲಿಲ್ಲ. ಪ್ರೊಫೆಸರಮ್ಮ ಕೇಳದಿದ್ದ ಗುಂಡಿಗಳನ್ನೂ ತೋಡಿದರು. ಅವನು ಬರುವ ದಿನ ಅರ್ಪಿತಾ ಬೆಳಿಗ್ಗೆ ಎದ್ದವಳೇ ಕನ್ನಡಿ ಮುಂದೆ ನಿಂತು, ಹೇಗಿದ್ದರೂ ಮುಚ್ಚಿಹೋಗುವ ಮುಖಕ್ಕೆ ಪೌಡರ್ ಹಚ್ಚುತ್ತಿದ್ದಳು. ತನ್ನ ಹುಚ್ಚಿಗೆ ತಾನೇ ನಗುತ್ತಿದ್ದಳು.

ಅವನ ಬಳಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಶಾಲಿನ ಕಥೆ ಕೇಳಿ ಅವನು ಬಿದ್ದು ಬಿದ್ದು ನಕ್ಕ.

“ನಮ್ಮೂರಲ್ಲಿ ನಂಗೆ ಯಾರೂ ಒಂದು ಟವೆಲ್ಲೂ ಹೊದಿಸ್ಲಿಲ್ಲ. ಅದಕ್ಕೆ ಆರಾಮಾಗಿ ನೀರು ಹೊರ್ತಾ ಅದೀನಿ.”

“ನಗಬ್ಯಾಡ್ರಿ. ಕಂಬ ಹತ್ತೋನ ಮಗಳು ಅಂತ ಇಡೀ ಊರು ಎದ್ದು ನಿಂತು ಚಪ್ಪಾಳೆ ಹೊಡೀತು. ಆವತ್ತು ನಮ್ಮಪ್ಪನ ಮುಖ ನೀವು ನೋಡಿಲ್ಲ. ಆ ಮುಖ ಬಾಡಿದ್ರೆ ನಂಗೆ ತಡಿಯಾಕಾಗಲ್ಲ.”

ಅವನು ನಗು ನಿಲ್ಲಿಸಿದ. ಬಹಳ ಹೊತ್ತು ಕೈಯಲ್ಲಿನ ಹೆಂಟೆಯನ್ನು ಪುಡಿ ಮಾಡುತ್ತ ಕೂತ. ಆಮೇಲೆ ಚಾನಲ್ಲಿನ ನೀರು ನೋಡುತ್ತ ಕೇಳಿದ:

“ನಮ್ಮವ್ವನ್ನ ನ್ಯಾಮತಿಗೆ ಕಳಿಸ್ಲಾ?”

ಇದಕ್ಕಿಂತ ಬಿಡಿಸಿ ಯಾರೂ ಹೇಳುವುದಿಲ್ಲ. ಗಂಡಿನ ತಾಯಿ ಹೆಣ್ಣಿನ ಅಪ್ಪನ ಮನೆಗೆ ಹೋಗುವುದೆಂದರೆ ಒಂದೇ ಅರ್ಥ. ಅರ್ಪಿತಾಳ ಕೈಯಲ್ಲಿದ್ದ ಮಣ್ಣಿನ ರಿಬ್ಬನ್ನು ಉದ್ದಕ್ಕೆ ಇಳಿಯುತ್ತಲೇ ಇತ್ತು. ಅವಳು ಅದುಮುವುದನ್ನು ನಿಲ್ಲಿಸಲು ಮರೆತಿದ್ದಳು.

“ಕಳಿಸ್ರಿ” ಎಂದಳು. ಮಾಸ್ಕಿನೊಳಗೆ ಕೆನ್ನೆ ಸುಡುತ್ತಿತ್ತು.

ಅಪ್ಪನಿಗೆ ತಾನೇ ಮೊದಲು ಹೇಳಬೇಕು, ಈ ವಾರದೊಳಗೆ ಹೇಳಬೇಕು ಎಂದುಕೊಂಡಳು. ಆದರೆ ಕೆಂಚೇಶನ ತಾಯಿ ಚೌಡಮ್ಮ ಎಂಥವಳೆಂದು ಅವಳಿಗೆ ಗೊತ್ತಿರಲಿಲ್ಲ. ನೀರು ಬಂದಾಗ ಹೇಗೆ ಕೂಗಿ ಎಬ್ಬಿಸಿದ್ದಳೋ ಹಾಗೆಯೇ, ಒಳ್ಳೆ ಕೆಲಸಕ್ಕೆ ದಿನ ನೋಡಬಾರದೆಂದು ತನ್ನ ತಮ್ಮ ಸಣ್ಣತಿಮ್ಮಪ್ಪನನ್ನು ಎಬ್ಬಿಸಿಕೊಂಡು ಮರುದಿನವೇ ನ್ಯಾಮತಿಯ ಬಸ್ಸು ಹತ್ತಿದ್ದಳು.

*

ನಡೆದದ್ದನ್ನು ಅವ್ವ ಉಡಚಮ್ಮ ಫೋನಿನಲ್ಲಿ ಹೇಳಿದಳು. ಅವ್ವ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅರ್ಪಿತಾಳಿಗೆ ತಿಳಿಯಲಿಲ್ಲ.

ಮಾರಪ್ಪ ಕಟ್ಟೆಯ ಮೇಲೆ ಅಕ್ಕಪಕ್ಕದವರ ಜೊತೆ ಕೂತಿದ್ದನಂತೆ. ಚೌಡಮ್ಮ ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು, ನೇರ ಮಾತಿಗೆ ಬಂದಳಂತೆ: “ನಿಮ್ಮ ಹುಡುಗೀನ ನಮ್ಮ ಹುಡುಗಂಗೆ ಕೇಳಾಕೆ ಬಂದೀವಿ.”

ಅಷ್ಟು ಜನರೆದುರು ಅಪ್ಪನಿಗೆ ಬೇರೆ ಮಾತು ಬರಲಿಲ್ಲ. “ನನ್ನ ಮಗಳು ಜರ್ಮನಿಯಾಗೆ ಅದಾಳ್ರೀ. ಬರಾಕೆ ಎರಡು ವರ್ಷ ಆಗ್ತೈತೆ.”

“ಜರ್ಮನಿ ಎಂಥದ್ರೀ? ಬಸವಾಪಟ್ಟಣದಾಗೆ ಅವರ ದೊಡ್ಡವ್ವನ ಮನೇಲಿ ಅದಾಳೆ ಅಂತ ನಮ್ಮ ಹುಡುಗ ಹೇಳ್ತಾನೆ!” ಎಂದ ಸಣ್ಣತಿಮ್ಮಪ್ಪ.

ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲವಂತೆ. ಆಗ ಕಟ್ಟೆಯ ಮೇಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಎದ್ದರು. “ಜರ್ಮನಿಯಾಗೇ ಅದಾಳೆ!” “ನಾವೇ ಬಸ್ ಹತ್ತಿಸಿ ಕಳಿಸೀವಿ!” “ನಿಮ್ಮ ಹುಡುಗ ಬೇರೆ ಯಾರನ್ನೋ ನೋಡಿರ್ಬೇಕು, ಕನ್ನಡಕ ಕೊಡಿಸ್ರಿ!”

ಚೌಡಮ್ಮ ಕಟ್ಟೆ ಇಳಿದು, ಬೀದಿಯ ಆ ತುದಿಗೂ ಕೇಳುವಂತೆ ಹೇಳಿದಳಂತೆ: “ಕೊಡಾಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ರಿ. ಇಡೀ ಬೀದಿ ಸೇರ್ಕಂಡು ಸುಳ್ಳು ಹೇಳೋ ಊರಿನಾಗೆ ನಾ ಸೊಸೆ ತರಲ್ಲ!”

ಅವ್ವನ ಕೈಯಿಂದ ಅಪ್ಪ ಫೋನು ತೆಗೆದುಕೊಂಡ. “ಏನೂ ಚಿಂತೆ ಮಾಡಬ್ಯಾಡವ್ವ. ನೀನು ಅಲ್ಲೇ ಇರು. ಜನ ಇನ್ನೂ ನಂಬಿದಾರೆ.” ಆ ದನಿಯಲ್ಲಿ ಸಮಾಧಾನವೂ ಇತ್ತು, ದಣಿವೂ ಇತ್ತು. ದಿನಾ ಒಂದು ದೇಶವನ್ನು ಹೊತ್ತು ತಿರುಗುವವನ ದಣಿವು.

ಕೆಂಚೇಶ ಸಂಜೆ ಫೋನ್ ಮಾಡಿದ. ತಮಾಷೆ ಮಾಡಲಿಲ್ಲ.

“ನಮ್ಮವ್ವ ಹಟ ಹಿಡಿದು ಕೂತಾಳೆ. ಮಗಳನ್ನೇ ಇಲ್ಲ ಅನ್ನೋ ಮನೆಗೆ ಮತ್ತೆ ಕಾಲಿಡಲ್ಲ ಅಂತಾಳೆ. ನಾನು ನಿಮ್ಮಪ್ಪಂಗೆ ತಪ್ಪು ಹೇಳಲ್ಲ ಅರ್ಪಿತಾ. ಕಾಯ್ತೀನಿ, ಅದು ದೊಡ್ಡ ಮಾತಲ್ಲ. ಆದ್ರೆ ನೀವು ಇಲ್ಲೇ ಇದ್ದೂ ಇಲ್ದಂಗೆ ಇರೋದು… ಅದು ನಂಗೆ ನೋಡಾಕಾಗಲ್ಲ.”

ಅರ್ಪಿತಾಳಿಗೆ ಒಂದು ಕಡೆ ಅಪ್ಪನ ಮುಖ, ಇನ್ನೊಂದು ಕಡೆ ಈ ದನಿ. ಎರಡರಲ್ಲಿ ಯಾವುದನ್ನು ಬಿಟ್ಟರೂ ಉಳಿದದ್ದು ರುಚಿಸುವುದಿಲ್ಲ.

ಬೆಳಿಗ್ಗೆ ಎದ್ದು ಬ್ಯಾಗು ತುಂಬಿದಳು.

“ಎಲ್ಲಿಗೇ?” ದೊಡ್ಡವ್ವ ಕೇಳಿದಳು.

“ಊರಿಗೆ.”

“ಯಾರಾದ್ರೂ ನೋಡಿದ್ರೆ?”

“ನೋಡ್ಲಿ ಅಂತಾನೇ ಹೋಗ್ತಿರೋದು ದೊಡ್ಡವ್ವ.”

*

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದಳು. ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಇನ್ನೂ ಇತ್ತು. ಬಿಸಿಲಿಗೆ ಬಣ್ಣ ಹಾರಿ, ಗಾಳಿಗೆ ಅರ್ಧ ಹರಿದು, ತನ್ನದೇ ಮುಖ ತನ್ನನ್ನೇ ಒಂದು ಕಣ್ಣಲ್ಲಿ ನೋಡುತ್ತಿತ್ತು. ಅದರ ಕೆಳಗೆ ಇಳಿದು, ತಲೆಯ ಮೇಲಿನ ದುಪಟ್ಟಾ ಹೆಗಲಿಗೆ ಜಾರಿಸಿದಳು.

ಎದುರಿಗೇ ಪುಷ್ಪಾವತಿಯ ಟೀ ಹೋಟೆಲ್. ಊರಿನ ಬಾಯಿ ಅದು. ಇಲ್ಲಿ ದಾಟಿದರೆ ಎಲ್ಲ ದಾಟಿದಂತೆ ಎಂದು ಅರ್ಪಿತಾ ನೇರ ಒಳಗೆ ಹೋದಳು.

ಪುಷ್ಪಾವತಿ ಟೀ ಸೋಸುತ್ತಿದ್ದವಳು ತಲೆ ಎತ್ತಿದಳು. “ಬಾರೇ ಅರ್ಪಿತಾ. ಬಸವಾಪಟ್ಟಣದ ಬಸ್ಸು ಇವತ್ತು ಲೇಟಾ?”

ಅರ್ಪಿತಾ ನಿಂತಲ್ಲೇ ನಿಂತಳು. “ಅಕ್ಕಾ… ನಿಂಗೆ ಗೊತ್ತಾ?”

“ನಮ್ಮ ನಾದಿನೀನ ಕೊಟ್ಟಿರೋದು ಎಲ್ಲಿಗೆ? ನಿಮ್ಮ ದೊಡ್ಡವ್ವನ ಹಿಂದಿನ ಬೀದಿಗೆ. ನೀನು ಹೋದ ವಾರಕ್ಕೇ ಫೋನು ಬಂತು.”

“ಮತ್ತೆ ಯಾರಿಗೂ ಹೇಳ್ಲಿಲ್ವಾ?”

“ಯಾರಿಗೆ ಹೇಳಾದೇ? ಊರಿಗೆಲ್ಲಾ ಗೊತ್ತಿತ್ತು. ನಮಗೆ ಗೊತ್ತೈತೆ ಅನ್ನೋದು ನಿಮ್ಮಪ್ಪಂಗೊಬ್ಬಂಗೇ ಗೊತ್ತಿರ್ಲಿಲ್ಲ.”

ಬೆಂಚಿನ ಮೇಲಿದ್ದವರು ಕಿಸಕ್ಕೆಂದರು. ಒಬ್ಬ ಮುದುಕ ಹೇಳಿದ: “ಗಾಳಿ ಮಳೆ ಅನ್ನದೆ ಕಂಬ ಹತ್ತಿ ನಮ್ಮನೆಗೆಲ್ಲಾ ಲೈಟು ಕೊಡೋ ಮನುಷ್ಯ ಕಣವ್ವಾ. ಅವನು ಜರ್ಮನಿ ಅಂದ್ರೆ ನಮಗೂ ಜರ್ಮನಿನೇ. ಬಾಗಿಲು ಹಾಕ್ಕಂಡು ಕೂತಿದ್ದ ಕಾಲದಾಗೆ ನಮಗೆ ಬೇರೆ ಏನಿತ್ತು? ದಿನಾ ಅವನ ಹಸು, ಅವನ ಹಿಮ ಕೇಳ್ಕಂಡು ಟೀ ಕುಡಿದಿದ್ದು.”

ಅರ್ಪಿತಾಳಿಗೆ ಕಟ್ಟೆಯ ಮೇಲೆ ಎದ್ದು ನಿಂತ ಬೀದಿ ಕಣ್ಣಿಗೆ ಕಟ್ಟಿತು. ನಂಬಿ ಹೇಳಿದ್ದಲ್ಲ ಅವರು. ಗೊತ್ತಿದ್ದೇ ಹೇಳಿದ್ದು.

ಅಷ್ಟರಲ್ಲಿ ಹೊರಗೆ ಅಪ್ಪನ ಟಿವಿಎಸ್ ನಿಂತಿತು. ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಒಳಗೆ ಬಂದವನು ಮಗಳನ್ನು ಕಂಡ. ಜನರನ್ನು ಕಂಡ. ಒಂದು ಕ್ಷಣ ಅವನ ಕಣ್ಣು ಓಡಿಹೋಗಲು ದಾರಿ ಹುಡುಕಿತು.

“ರಜೆ… ಅಲ್ಲಿ ರಜೆ ಕೊಟ್ಟಾರೆ” ಎಂದ, ಯಾರೂ ಕೇಳದಿದ್ದರೂ.

ಅರ್ಪಿತಾ ಹತ್ತಿರ ಹೋಗಿ ಅವನ ತೋಳು ಹಿಡಿದಳು. “ಇಲ್ಲಪ್ಪ. ನಾನು ಹೋಗೇ ಇರ್ಲಿಲ್ಲ. ಬಸವಾಪಟ್ಟಣದಾಗೆ ಇದ್ದೆ, ಅಲ್ಲಿಂದ್ಲೇ ಓದ್ತಿದ್ದೆ. ಮೊದಲ ಪರೀಕ್ಷೆ ಪಾಸೂ ಆಗೀನಿ. ನಾಚ್ಕೆ ಪಡೋ ಕೆಲಸ ನಾನೂ ಮಾಡಿಲ್ಲ, ನೀನೂ ಮಾಡಿಲ್ಲ.”

ಒಲೆಯ ಮೇಲೆ ಹಾಲು ಉಕ್ಕಿದ್ದು ಕೂಡ ಯಾರಿಗೂ ಬೇಕಾಗಲಿಲ್ಲ.

ಮುದುಕ ಗಂಭೀರವಾಗಿ ಗಂಟಲು ಸರಿಮಾಡಿಕೊಂಡ. “ಹಂಗಾದ್ರೆ ಮಾರಪ್ಪಾ, ಮೊಣಕಾಲುದ್ದ ಹಿಮ ಬಿದ್ದಿದ್ದು ಬಸವಾಪಟ್ಟಣದಾಗಾ?”

ಮೊದಲು ನಕ್ಕವಳು ಪುಷ್ಪಾವತಿ. ಆಮೇಲೆ ಬೆಂಚು ಬೆಂಚೇ ನಕ್ಕಿತು. ಅಪ್ಪ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ, ಅರ್ಥವಾಗತೊಡಗಿತು, ಹಗ್ಗದ ಸುರುಳಿ ನೆಲಕ್ಕೆ ಬಿಟ್ಟು, ತಲೆ ಮೇಲೆ ಕೈಹೊತ್ತು ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

“ಎಲ್ಲಾ ಗೊತ್ತಿದ್ದೂ ನನ್ನ ಹತ್ರ ಹಸುಗಳಿಗೆ ಫ್ಯಾನು ಹಾಕಿಸಿದ್ರೇನ್ರೋ!”

ಎಷ್ಟೋ ತಿಂಗಳ ಮೇಲೆ ಅಪ್ಪನ ಹೆಗಲು ಹಗುರಾದದ್ದನ್ನು ಅರ್ಪಿತಾ ನೋಡಿದಳು. ಆ ಮುಖ ಬಾಡಲಿಲ್ಲ. ಶಾಲು ಹೊದಿಸಿದ ದಿನಕ್ಕಿಂತಲೂ ಚೆನ್ನಾಗಿತ್ತು.

ಅಲ್ಲೇ ನಿಂತು ಕೆಂಚೇಶನಿಗೆ ಫೋನ್ ಹಚ್ಚಿದಳು. “ನಿಮ್ಮವ್ವಂಗೆ ಕೊಡ್ರಿ.”

“ಬೈತಾಳೆ ಕಣ್ರೀ.”

“ಕೊಡ್ರಿ ಅಂದೆ.”

ಚೌಡಮ್ಮನ ದನಿ ಬಂತು, ಬಿಗಿಯಾಗಿ. “ಯಾರು?”

“ನಾನು ಅತ್ತೆ, ಅರ್ಪಿತಾ. ನ್ಯಾಮತಿಯಾಗೇ ಅದೀನಿ. ನಮ್ಮಪ್ಪ ಇಲ್ಲೇ ಪಕ್ಕದಾಗೆ ಕೂತಾನೆ. ಮೊನ್ನೆ ನಿಮ್ಮನ್ನ ಹಂಗೆ ಕಳಿಸಿದ್ದು ತಪ್ಪಾತು. ಇನ್ನೊಂದು ಸಲ ಬರ್ರಿ.”

ಆ ಕಡೆ ಎಲೆ ಅಡಿಕೆ ಉಗುಳಿದ ಸದ್ದು.

“ಬೀದಿಯೋರು ಏನಂತಾರೆ?”

ಅರ್ಪಿತಾ ಫೋನನ್ನು ಹೋಟೆಲಿನ ಕಡೆಗೆ ತಿರುಗಿಸಿದಳು. “ಇಲ್ಲೇ ಅದಾಳೆ, ಬರ್ರವ್ವಾ!” ಎಂದು ಹೋಟೆಲು ಒಟ್ಟಿಗೆ ಕೂಗಿತು.

*

ಭಾನುವಾರ ಕೆಂಚೇಶನನ್ನೂ ಕರೆದುಕೊಂಡು ಅವರು ಬಂದರು. ಉಡಚಮ್ಮ ಹೋಳಿಗೆ ಮಾಡಿದ್ದಳು. ಚೌಡಮ್ಮ ಅರ್ಪಿತಾಳ ಗದ್ದ ಹಿಡಿದೆತ್ತಿ, “ನಿಜವಾಗ್ಲೂ ಅದಾಳೆ” ಎಂದು ತಮ್ಮನಿಗೆ ತೋರಿಸಿದಳು. ಮದುವೆ ಸರಳವಾಗಿ, ಬುದ್ಧನ ಪಟದ ಮುಂದೆ, ಬರುವ ಚಳಿಗಾಲಕ್ಕೆ ಎಂದಾಯಿತು. ಅದಾದ ಮೇಲೆ ಕ್ಯಾಂಪಸ್ಸು ತೆರೆಯುತ್ತದೆಂದು ಪ್ರೊಫೆಸರಮ್ಮ ಬರೆದಿದ್ದರು. ತೆರೆದರೆ ಇಬ್ಬರೂ ಹೋಗುವುದು, ತೆರೆಯದಿದ್ದರೆ ಗುಂಡಿಗಳೇನು ಕಡಿಮೆಯಿಲ್ಲ.

ಸಂಜೆ ಅರ್ಪಿತಾ ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಳು. ಹಿರಿಯರು ಮುಂದೆ, ಅವರಿಬ್ಬರು ಹಿಂದೆ. ಪೇಟೆ ಬೀದಿಯ ನಟ್ಟನಡುವೆ, ದುಪಟ್ಟಾ ಹೆಗಲ ಮೇಲೆ. ಅಂಗಡಿ ಅಂಗಡಿಯಿಂದಲೂ ತಲೆಗಳು ಹೊರಬಂದವು.

“ಎಲ್ಲಾ ನೋಡ್ತಿದಾರೆ ಕಣ್ರೀ” ಎಂದ ಕೆಂಚೇಶ, ಪಿಸುದನಿಯಲ್ಲಿ.

“ನಿಮಗೆ ಯಾಕೆ ಭಯ? ಜಗಳೂರಿನೋರಿಗೆ ಧೈರ್ಯ ಜಾಸ್ತಿ ಅಂತಿದ್ರಿ.”

“ಗುಂಡಿ ಒಳಗೆ ಧೈರ್ಯ ಇತ್ತು. ಇಲ್ಲಿ ಬಯಲು.”

“ಬಯಲಾಗೇ ಹೇಳ್ರಿ ಹಂಗಾದ್ರೆ. ಅವತ್ತು ಅವ್ವನ್ನ ಕಳಿಸ್ಲಾ ಅಂದ್ರಿ. ನೀವು ಏನೂ ಹೇಳ್ಲಿಲ್ಲ.”

ಅವನು ನಿಂತ. ಕಿವಿ ಕೆಂಪಾಗಿತ್ತು. “ನೀವಂದ್ರೆ ನಂಗೆ ಜೀವ ಕಣ್ರೀ. ಸಾಕಾ?”

“ಸಾಕಾಗಲ್ಲ. ಆದ್ರೂ ಇವತ್ತಿಗೆ ನಡೀತೈತೆ” ಎಂದು ಅವಳು ಅವನ ಕೈ ಹಿಡಿದಳು.

ಬಸ್ಸು ಹೊರಟು ನಿಂತಿತ್ತು. ಚೌಡಮ್ಮ, ಸಣ್ಣತಿಮ್ಮಪ್ಪ ಹತ್ತಿ ಕೂತರು. ಕೆಂಚೇಶ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಒಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದ. ಇನ್ನೊಂದು ಕೈಯನ್ನು ಅರ್ಪಿತಾ ಬಿಟ್ಟಿರಲಿಲ್ಲ. ಬಿಡಬೇಕೆಂದು ಅವಳಿಗೆ ಅನಿಸಲೂ ಇಲ್ಲ. ಪುಷ್ಪಾವತಿ ಸೋಸುವ ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದು ನೋಡುತ್ತಿದ್ದಳು.

ಕಂಡಕ್ಟರ್ ಸೀಟಿ ಬಾಯಿಗಿಟ್ಟು, ತೆಗೆದು, ಬೇಸತ್ತು ಹೇಳಿದ: “ಏನಪ್ಪಾ, ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ಇಳಿ.”

ಕೆಂಚೇಶ ಅರ್ಪಿತಾಳನ್ನು ನೋಡಿದ. ಎಡಗಣ್ಣು ಬಲಗಣ್ಣಿಗಿಂತ ಮೊದಲು ನಕ್ಕಿತು.

ಬಸ್ಸಿನ ಕಂಬಿ ಬಿಟ್ಟ.